ಸೊರಗುವ ಸ್ನಾಯುಗಳು

ನಡೆಯುವುದು, ಮೆಟ್ಟಿಲೇರುವುದು, ಕುಳಿತಲ್ಲಿಂದ ಏಳುವುದು ಇವೆಲ್ಲ ನಾವು ಯೋಚಿಸದೆಯೇ ಮಾಡುವ ಕೆಲಸಗಳು. ಇವುಗಳ ಹಿಂದೆ ಅನೇಕ ಸ್ನಾಯುಗಳ ದುಡಿಮೆಯಿದೆಯೆಂಬುದು ಅವು ಸೋತಾಗಲೇ ನಮಗೆ ಅರಿವಾಗುತ್ತದೆ.

ನಾನು ಉಪಾಧ್ಯಾಯನಾಗಿದ್ದಾಗ ನನ್ನ ತರಗತಿಯಲ್ಲಿ ಒಬ್ಬ ಬಾಲಕನಿದ್ದನು. ಪ್ರಾರ್ಥನೆಗೆ ಎಲ್ಲರೂ ನಿಂತ ಮೇಲೆ ಅವನು ಏಳುತ್ತಿದ್ದನು. ಮೊದಲು ನೆಲಕ್ಕೆ ಕೈಯೂರಿ, ಬಳಿಕ ಮೊಣಕಾಲು, ತೊಡೆಗಳನ್ನು ಹಿಡಿದು, ತನ್ನ ಮೈಯನ್ನೇ ತಾನು ಹತ್ತುವವನಂತೆ ಮೇಲೇಳುತ್ತಿದ್ದನು. ಅವನ ಮೀನಖಂಡಗಳು ದಪ್ಪವಾಗಿದ್ದುದರಿಂದ ಅವನು ಬಲಶಾಲಿಯೆಂದೇ ನಾನು ಬಗೆದಿದ್ದೆನು. ಸೋಮಾರಿಯೆಂದು ಗದರಿದ್ದೂ ಉಂಟು. ಅವೆರಡೂ ರೋಗದ ಕುರುಹುಗಳೆಂದು ನನಗೆ ತಿಳಿದುದು ತಡವಾಗಿ.

ಆ ರೋಗವೇ ಸ್ನಾಯುಕ್ಷಯ. ವೈದ್ಯರು ಇದನ್ನು ‘ಮಸ್ಕ್ಯುಲರ್ ಡಿಸ್ಟ್ರೋಫಿ’ ಎನ್ನುತ್ತಾರೆ. ಇದರಲ್ಲಿ ಹಲವು ಬಗೆಗಳುಂಟು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಗೆ, 19ನೆಯ ಶತಮಾನದಲ್ಲಿ ಅದನ್ನು ವಿವರವಾಗಿ ವರ್ಣಿಸಿದ ಫ್ರಾನ್ಸಿನ ವೈದ್ಯ ಡುಶೆನ್ ಅವರ ಹೆಸರು ನಿಂತಿದೆ. ಸ್ನಾಯುಕೋಶದ ಪೊರೆಯನ್ನು ಕಾಪಾಡುವ ‘ಡಿಸ್ಟ್ರೋಫಿನ್’ ಎಂಬ ಪ್ರೋಟೀನನ್ನು ವಿಜ್ಞಾನಿಗಳು 1987ರಲ್ಲಿ ಗುರುತಿಸಿದರು. ವಂಶವಾಹಿಯ ದೋಷದಿಂದ ಈ ಪ್ರೋಟೀನು ಇಲ್ಲವಾದರೆ ಕೋಶಗಳು ಘಾಸಿಗೊಂಡು ನಶಿಸುತ್ತವೆ. ಅವುಗಳ ಸ್ಥಾನವನ್ನು ಕೊಬ್ಬು, ನಾರುಗಳು ಆಕ್ರಮಿಸುತ್ತವೆ. ಮೀನಖಂಡಗಳು ದಪ್ಪವಾಗಿ ಕಂಡರೂ ಅವುಗಳಲ್ಲಿ ಕಸುವಿರುವುದಿಲ್ಲ. ಈ ಬಗೆ ಗಂಡುಮಕ್ಕಳನ್ನೇ ಹೆಚ್ಚಾಗಿ ಬಾಧಿಸುತ್ತದೆ. ಸಾಮಾನ್ಯವಾಗಿ 12 ವರ್ಷದ ಹೊತ್ತಿಗೆ ಅವರಿಗೆ ಗಾಲಿಕುರ್ಚಿ ಬೇಕಾಗುತ್ತದೆ. ಮುಂದೆ ಹೃದಯ, ಉಸಿರಾಟಗಳೂ ದುರ್ಬಲವಾಗುತ್ತವೆ.

ಇದು ಅಂಟುರೋಗವಲ್ಲ, ಶಾಪವಲ್ಲ, ತಾಯಿಯ ತಪ್ಪೂ ಅಲ್ಲ. ಮನೆತನದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ತಲೆದೋರುವುದೂ ಉಂಟು. ಸಂಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಆದರೆ ಸ್ಟೀರಾಯ್ಡ್ ಔಷಧಗಳು, ಹದವರಿತ ವ್ಯಾಯಾಮ, ಹೃದಯದ ಆರೈಕೆ, ಉಸಿರಾಟದ ನೆರವು ಇವು ರೋಗದ ವೇಗವನ್ನು ತಗ್ಗಿಸಿ ಆಯುಷ್ಯವನ್ನು ಹೆಚ್ಚಿಸುತ್ತವೆ.

ಇಂಥ ಕುಟುಂಬಗಳಿಗೆ ಔಷಧದಷ್ಟೇ ಆಸರೆಯೂ ಅಗತ್ಯ. ಹಿಮಾಚಲ ಪ್ರದೇಶದ ಸೋಲನ್‌ನಲ್ಲಿ 1992ರಲ್ಲಿ ಸ್ಥಾಪಿತವಾದ ಭಾರತೀಯ ಸ್ನಾಯುಕ್ಷಯ ಸಂಘವು ರೋಗಿಗಳಿಗೆ ವ್ಯಾಯಾಮ ಚಿಕಿತ್ಸೆಯನ್ನೂ ತಿಳಿವಳಿಕೆಯನ್ನೂ ನೀಡುತ್ತ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ವೈಕಲ್ಯಗಳಲ್ಲಿ ಸ್ನಾಯುಕ್ಷಯವೂ ಸೇರಿದೆ. ಆದುದರಿಂದ ಇಂಥವರಿಗೆ ನೆರವಾಗುವುದು ಕೇವಲ ಕರುಣೆಯ ಮಾತಲ್ಲ. ಅದು ಅವರ ಹಕ್ಕು.

ದಾನವೆಂದರೆ ಹಣ ಮಾತ್ರವೇ ಅಲ್ಲ. ಸತ್ಯಸಂಗತಿ ತಿಳಿದ ಮೇಲೆ ನಾನು ಆ ಬಾಲಕನ ಕ್ಷಮೆ ಕೇಳಿದೆನು. ಮಹಡಿಯಲ್ಲಿದ್ದ ನಮ್ಮ ತರಗತಿಯನ್ನು ಕೆಳಗಿನ ಕೋಣೆಗೆ ಬದಲಾಯಿಸಿದೆವು. ಅದಕ್ಕೆ ಒಂದು ಕಾಸೂ ಖರ್ಚಾಗಲಿಲ್ಲ. ಅಂದಿನಿಂದ ಅವನು ಒಂದು ದಿನವೂ ಶಾಲೆಯನ್ನು ತಪ್ಪಿಸಲಿಲ್ಲ.