ಪೇಟೆ ಮಕ್ಕಳ ಕೊಟ್ಟಿಗೆ ವಾರ

ಬೆಳಗಿನ ತಿಂಡಿಗೂ ಮುಂಚೆ ಗಂಬೂಟು ಹಾಕಿಕೊಂಡು ಕೊಟ್ಟಿಗೆಗೆ ಹೊರಡಬೇಕು. ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ, ಇಡ್ಸ್‌ಲೀ ಎಂಬ ಹಳ್ಳಿಯ ಬಳಿ ಇರುವ ನೆದರ್‌ಕಾಟ್ ಹೌಸ್‌ಗೆ ಶಾಲೆಯಿಂದ ಬಂದ ಮಕ್ಕಳ ದಿನ ಶುರುವಾಗುವುದು ಹೀಗೆ. ದೊಡ್ಡ ಊರುಗಳ ಈ ಮಕ್ಕಳಲ್ಲಿ ಎಷ್ಟೋ ಮಂದಿ ಹಸುವಿನ ಮೈ ಮುಟ್ಟಿದವರಲ್ಲ. ಇಲ್ಲಿ ಅವರು ತಮ್ಮ ಮೇಷ್ಟ್ರುಗಳ ಜೊತೆ ಒಂದು ವಾರ ಉಳಿದು ಬೇಸಾಯಗಾರರ ಕೆಲಸ ಮಾಡುತ್ತಾರೆ.

ಈ ಏರ್ಪಾಟನ್ನು 1976ರಲ್ಲಿ ಶುರುಮಾಡಿದವರು ಕ್ಲೇರ್ ಮತ್ತು ಮೈಕಲ್ ಮೋರ್ಪರ್ಗೊ ದಂಪತಿ. ಶಾಲೆಯಲ್ಲಿ ಕಲಿಸುತ್ತಿದ್ದ ಅವರಿಗೆ, ನಾಲ್ಕು ಗೋಡೆಯೊಳಗಿನ ಪಾಠ ಎಷ್ಟೋ ಮಕ್ಕಳನ್ನು ತಲುಪುತ್ತಿಲ್ಲ ಎನಿಸಿತ್ತು. ಪೆಂಗ್ವಿನ್ ಪ್ರಕಾಶನ ಕಟ್ಟಿದ ಅಲೆನ್ ಲೇನ್ ಕ್ಲೇರ್ ಅವರ ತಂದೆ. ಅವರಿಂದ ಬಂದ ಹಣ ಇದಕ್ಕೆ ಬಂಡವಾಳವಾಯಿತು. ಸಂಸ್ಥೆಯ ಹೆಸರು ಫಾರ್ಮ್ಸ್ ಫಾರ್ ಸಿಟಿ ಚಿಲ್ಡ್ರನ್.

ದನಕ್ಕೆ ಮೇವು, ಹಂದಿಗೆ ತಿನಿಸು, ಕೋಳಿಗೆ ಕಾಳು. ಆಮೇಲೆ ಎಲ್ಲಕ್ಕಿಂತ ಭಾರದ ಕೆಲಸ, ಕೊಟ್ಟಿಗೆ ಬಾಚುವುದು. ಗಂಜಲ ಕುಡಿದು ತೂಕವಾದ ಹುಲ್ಲನ್ನು ಕವೆಗೋಲಿನಲ್ಲಿ ಎತ್ತಿ ತಳ್ಳುಗಾಡಿಗೆ ತುಂಬಬೇಕು. ಒಬ್ಬರ ಕೈಲಿ ಗಾಡಿ ಅಲುಗದು, ಇನ್ನೊಬ್ಬರು ಹಿಡಿಯಲೇಬೇಕು. ಚಳಿಯಲ್ಲಿ ತಿಪ್ಪೆ ಕೆದಕಿದರೆ ಬಿಸಿಬಿಸಿ ಹಬೆ ಏಳುತ್ತದೆ. ಒಳಗೆ ಸೂಕ್ಷ್ಮಜೀವಿಗಳು ಹುಲ್ಲು-ಸೆಗಣಿಯನ್ನು ಕೊಳೆಸುವಾಗ ಹುಟ್ಟುವ ಶಾಖ ಅದು. ಪುಸ್ತಕದಲ್ಲಿ ಒಂದು ಸಾಲಾಗುವ ಈ ಸಂಗತಿ ಇಲ್ಲಿ ಮೂಗು, ಕೈ, ಕಣ್ಣು ಮೂರಕ್ಕೂ ಸಿಗುತ್ತದೆ. ಮಳೆ ಬಂತೆಂದು ಯಾವ ಕೆಲಸವೂ ನಿಲ್ಲುವುದಿಲ್ಲ, ದನಕ್ಕೆ ಮಳೆಯಲ್ಲೂ ಹಸಿವಾಗುತ್ತದೆ.

ಕತ್ತಲಾಗುವ ಮುಂಚೆ ಕೋಳಿಗಳನ್ನು ಗೂಡಿಗೆ ಸೇರಿಸಬೇಕು. ಡೆವನ್‌ನಲ್ಲಿ ಡಿಸೆಂಬರ್ ಹೊತ್ತಿಗೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಬಾಗಿಲ ಅಗುಳಿ ಮರೆತರೆ ರಾತ್ರಿ ನರಿ ಬರುತ್ತದೆ. ಈ ಏರ್ಪಾಟಿನ ಜೀವ ಇರುವುದು ಇಲ್ಲೇ ಎಂದು ನನಗೆ ಅನಿಸುತ್ತದೆ: ಮಗುವಿನ ಕೈಗೆ ಕೊಟ್ಟದ್ದು ನಿಜವಾದ ಕೆಲಸ, ತಪ್ಪಿದರೆ ನಷ್ಟವೂ ನಿಜ. ಕುರಿಮರಿಯ ತಲೆ ಸವರಿ ಫೋಟೊ ತೆಗೆಸಿಕೊಂಡು ಸಂಜೆಗೆ ಬಸ್ಸು ಹತ್ತುವ ಪ್ರವಾಸ ಇದನ್ನು ಕೊಡಲಾರದು.

ಆರಂಭದ ವರ್ಷಗಳಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಬಂದ ಒಬ್ಬ ಹುಡುಗನ ಸಂಗತಿಯನ್ನು ಮೈಕಲ್ ಹಲವು ಕಡೆ ಹೇಳಿಕೊಂಡಿದ್ದಾರೆ. ಅವನಿಗೆ ತೀರಾ ಉಗ್ಗು. ಶಾಲೆಯಲ್ಲಿ ಬಾಯಿಯೇ ಬಿಡುತ್ತಿರಲಿಲ್ಲ. ಅವನನ್ನು ಏನೂ ಕೇಳಬೇಡಿ ಎಂದು ಮೇಷ್ಟ್ರುಗಳೇ ಮೊದಲು ಎಚ್ಚರಿಸಿದ್ದರು. ವಾರದ ಕೊನೆಯ ರಾತ್ರಿ ಮೈಕಲ್ ಮಕ್ಕಳಿಗೆ ಕಥೆ ಓದಲು ಬಂದಾಗ, ಆ ಹುಡುಗ ಲಾಯದ ಬಾಗಿಲಲ್ಲಿ ನಿಂತು ಹೀಬಿ ಎಂಬ ಕುದುರೆಗೆ ದಿನವಿಡೀ ತಾನು ಮಾಡಿದ್ದನ್ನೆಲ್ಲ ತಡೆಯಿಲ್ಲದೆ ಹೇಳುತ್ತಿದ್ದ. ಮೈಕಲ್ ಮೇಷ್ಟ್ರುಗಳನ್ನೂ ಕರೆತಂದು ತೋರಿಸಿದರು. ಕುದುರೆ ಕಿವಿಗೊಟ್ಟು ನಿಂತಿತ್ತು, ತಿದ್ದಲಿಲ್ಲ, ಅವಸರಪಡಿಸಲಿಲ್ಲ. ಮೊದಲ ಮಹಾಯುದ್ಧದ ಕಥೆಯನ್ನು ಕುದುರೆಯ ಬಾಯಿಂದಲೇ ಹೇಳಿಸಬಹುದು ಎಂಬ ಧೈರ್ಯ ಮೈಕಲ್‌ಗೆ ಬಂದದ್ದು ಆ ರಾತ್ರಿ. ಹಾಗೆ ಅವರು ಬರೆದ ‘ವಾರ್ ಹಾರ್ಸ್’ ಕಾದಂಬರಿ 1982ರಲ್ಲಿ ಹೊರಬಂತು. 2007ರಲ್ಲಿ ಅದು ನಾಟಕವಾಯಿತು, 2011ರಲ್ಲಿ ಸ್ಪೀಲ್‌ಬರ್ಗ್ ಸಿನಿಮಾ ಮಾಡಿದರು.

ಮಕ್ಕಳಲ್ಲಿ ಇಂಥ ಬದಲಾವಣೆ ಬರಲು ಒಂದು ವಾರವಾದರೂ ಬೇಕು. ಮೊದಲ ದಿನ ವಾಸನೆಗೆ ಮೂಗು ಮುಚ್ಚುವ ಮಕ್ಕಳಿಗೆ ಕೆಲಸ ಕೈಹತ್ತುವುದಕ್ಕೇ ಎರಡು ದಿನ ಹಿಡಿಯುತ್ತದೆ. ಮುಂದೆ ಸಂಸ್ಥೆ ವೇಲ್ಸ್‌ನ ಕಡಲಂಚಿನ ಟ್ರೆಗಿನಿಸ್‌ನಲ್ಲೂ ಇಂಥದೇ ಒಂದು ಫಾರ್ಮು ತೆರೆಯಿತು. ಅಲ್ಲೂ ಮಕ್ಕಳು ಕುರಿ, ಹಂದಿ, ಕೋಳಿಗಳ ಕೆಲಸ ಮಾಡುತ್ತಾರೆ.