ಹಿಮಾಲಯನ್ 450: ಕೇಳಿದ್ದೇ ಬೇರೆ, ಓಡಿಸಿದರೆ ಬೇರೆ

ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಬಿಡುಗಡೆಯಾಗಿದ್ದು 2023ರ ನವೆಂಬರ್‌ನಲ್ಲಿ. ನಮ್ಮ ಜಿಲ್ಲೆಯ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ರಸ್ತೆಗಳಲ್ಲಿ ಈಗ ಅದು ಅಪರೂಪದ ಗಾಡಿಯೇನಲ್ಲ. ಭಾನುವಾರ ಬೆಳಗಿನ ಜಾವ ಹೊಸಕೋಟೆಯ ಬಿರಿಯಾನಿ ಹೋಟೆಲುಗಳ ಮುಂದೆ, ನಂದಿ ಬೆಟ್ಟದ ದಾರಿಯ ಟೀ ಅಂಗಡಿಗಳ ಬಳಿ ಕಣ್ಣಿಗೆ ಬೀಳುತ್ತದೆ. ಗಾಡಿಯ ಹಿಂದೆಯೇ ಅಭಿಪ್ರಾಯಗಳೂ ಬಂದವು. ಓಡಿಸಿದವರದ್ದು ಸ್ವಲ್ಪ, ಕೇಳಿದವರದ್ದು ಬಹಳ. ಇವುಗಳಲ್ಲಿ ಕೆಲವನ್ನು ನಾವೂ ನಂಬಿದ್ದೆವು. ಎರಡೂವರೆ ಲಕ್ಷಕ್ಕೂ ಮೀರಿ ಹಣ ಹಾಕುವವರು ಇಂಥ ಮಾತುಗಳ ಮೇಲೆ ತೀರ್ಮಾನ ಮಾಡಬಾರದೆಂಬ ಕಾಳಜಿಯಿಂದ ಒಂದೊಂದನ್ನೇ ಬಿಡಿಸಿ ನೋಡೋಣ.

ತಪ್ಪು ಕಲ್ಪನೆ: ಆರಡಿ ಎತ್ತರ ಇಲ್ಲದವರು ಈ ಗಾಡಿಯ ಆಸೆ ಬಿಡಬೇಕು.

ವಾಸ್ತವ: ಸೀಟಿನ ಎತ್ತರ 825 ಮಿಲಿಮೀಟರ್. ಬೇಕೆಂದರೆ 845ಕ್ಕೆ ಏರಿಸಬಹುದು, ತಗ್ಗಿನ ಸೀಟ್ ಹಾಕಿಸಿಕೊಂಡರೆ 805ಕ್ಕೆ ಇಳಿಯುತ್ತದೆ. ಹಳೆಯ ಹಿಮಾಲಯನ್‌ನ ಸೀಟ್ 800 ಇತ್ತು. ತಗ್ಗಿನ ಸೀಟಿನ ಲೆಕ್ಕದಲ್ಲಿ ವ್ಯತ್ಯಾಸ ಅರ್ಧ ಸೆಂಟಿಮೀಟರ್ ಮಾತ್ರ. ಸವಾರ ಕೂತ ಕೂಡಲೇ ಸಸ್ಪೆನ್ಷನ್ ತಗ್ಗಿ ಸೀಟ್ ಇನ್ನೂ ಕೆಳಗೆ ಬರುತ್ತದೆ. ಎರಡೂ ಪಾದಗಳು ಪೂರ್ತಿ ನೆಲ ಮುಟ್ಟಲೇಬೇಕೆಂದೂ ಇಲ್ಲ. ಎಡಗಾಲು ನೆಲದ ಮೇಲೆ, ಬಲಗಾಲು ಬ್ರೇಕಿನ ಮೇಲೆ ಇದ್ದರೆ ಸಾಕು. ಆದರೆ ಇಳಿಜಾರಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಗಾಡಿಯನ್ನು ಹಿಂದಕ್ಕೆ ತಳ್ಳುವುದು ಎತ್ತರ ಕಡಿಮೆ ಇರುವವರಿಗೆ ನಿಜಕ್ಕೂ ಕಷ್ಟ. ಶೋರೂಮಿನ ನುಣ್ಣನೆಯ ನೆಲದ ಮೇಲೆ ಕೂತು ನೋಡಿ ಬಂದರೆ ಇದು ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ ನೋಡಬೇಕು.

ತಪ್ಪು ಕಲ್ಪನೆ: ಹೊಸದು ಹಳೆಯದಕ್ಕಿಂತ ಭಾರ, ಹೆಣ್ಣುಮಕ್ಕಳ ಕೈಗೆ ಬಗ್ಗುವ ಗಾಡಿಯಲ್ಲ.

ವಾಸ್ತವ: ಹಳೆಯ 411 ಸಿಸಿ ಗಾಡಿ 199 ಕಿಲೋ ಇತ್ತು, ಹೊಸದು 196. ಟ್ಯಾಂಕ್ 15 ಲೀಟರಿನಿಂದ 17ಕ್ಕೆ ದೊಡ್ಡದಾಗಿಯೂ ತೂಕ ಇಳಿದಿದೆ. ನೋಡಲು ದಪ್ಪಗಿರುವುದರಿಂದ ಭಾರ ಅನ್ನಿಸುತ್ತದೆ ಅಷ್ಟೆ. ಇನ್ನು ಹೆಣ್ಣುಮಕ್ಕಳ ಮಾತು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗವನ್ನು ಗೆದ್ದರು. ಮರಳು, ಕಲ್ಲುಗಳ ನಡುವೆ ದಿನಗಟ್ಟಲೆ ಓಡಿಸುವ ಸ್ಪರ್ಧೆ ಅದು. ಗಾಡಿಯನ್ನು ಆಳುವುದು ತೋಳಿನ ಬಲಕ್ಕಿಂತ ಹೆಚ್ಚಾಗಿ ಸಮತೋಲನ. ಬಿದ್ದ ಗಾಡಿಯನ್ನು ಎತ್ತುವುದಕ್ಕೂ ಒಂದು ವಿಧಾನವಿದೆ. ಹ್ಯಾಂಡಲನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಬೆನ್ನನ್ನು ಸೀಟಿಗೆ ಒತ್ತಿ, ಕಾಲಿನ ಬಲದಿಂದ ಮೇಲೇಳಬೇಕು. ಗಂಡಸರೂ ಕಲಿಯಬೇಕಾದ ವಿಧಾನವೇ.

ತಪ್ಪು ಕಲ್ಪನೆ: ಸಾಹಸದ ಗಾಡಿ ಅಂದಮೇಲೆ ಸಾವಿರ ಸಿಸಿಯಾದರೂ ಇರಬೇಕು, 450 ಮಕ್ಕಳ ಆಟ.

ವಾಸ್ತವ: ಜಗತ್ತಿನ ಅತಿ ಕಠಿಣ ಸ್ಪರ್ಧೆಗಳಲ್ಲಿ ಒಂದಾದ ಡಕಾರ್ ರ‍್ಯಾಲಿಯಲ್ಲಿ ಬೈಕುಗಳ ಎಂಜಿನ್ ಗರಿಷ್ಠ ಮಿತಿಯೇ 450 ಸಿಸಿ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಆ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾಗಿದ್ದು, ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಪೂರೈಸಿದ್ದು ಇದೇ ವರ್ಗದ ಎಂಜಿನ್‌ಗಳಲ್ಲಿ. ಅವು ಸ್ಪರ್ಧೆಗೆಂದೇ ಕಟ್ಟಿದ ಹಗುರ ಯಂತ್ರಗಳು, ಹಿಮಾಲಯನ್‌ಗೆ ಹೋಲಿಸುವಂತಿಲ್ಲ. ಆದರೂ ಸಿಸಿ ಒಂದನ್ನೇ ಹಿಡಿದು ಅಳೆಯುವುದು ತಪ್ಪೆಂದು ತೋರಿಸಲು ಇಷ್ಟು ಸಾಕು.

ತಪ್ಪು ಕಲ್ಪನೆ: ಇದು ಲಡಾಖ್‌ಗೆ ಹೋಗುವವರ ಗಾಡಿ, ನಮ್ಮ ಕಡೆ ದಂಡ.

ವಾಸ್ತವ: ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಯ ಕಡೆ ಹೆದ್ದಾರಿ ಬಿಟ್ಟು ಒಳದಾರಿಗಳಲ್ಲಿ ಓಡಾಡಿದವರು ಈ ಮಾತು ಆಡಲಾರರು. ಬಣ್ಣ ಬಳಿಯದ ಉಬ್ಬುಗಳು, ಜಲ್ಲಿ ಲಾರಿಗಳು ಕಿತ್ತ ಡಾಂಬರು, ಪೈಪ್ ಹಾಕಲು ಅಗೆದು ಹಾಗೇ ಬಿಟ್ಟ ಗುಂಡಿಗಳು. 230 ಮಿಲಿಮೀಟರ್ ನೆಲದಂತರ, ಮುಂದೆ 21 ಇಂಚಿನ ಚಕ್ರ, 200 ಮಿಲಿಮೀಟರ್ ಆಡುವ ಸಸ್ಪೆನ್ಷನ್ ನಿಜವಾಗಿ ಕೆಲಸಕ್ಕೆ ಬರುವುದು ಇಂಥಲ್ಲಿ. ಹಾಗೆಂದು ದಿನಾ ನೆಲಮಂಗಲದಿಂದ ಪೀಣ್ಯಕ್ಕೆ ಹೋಗಿ ಬರುವುದಷ್ಟೇ ಕೆಲಸವಾದರೆ 125 ಸಿಸಿ ಗಾಡಿ ಸಾಕು, ಸಾಲ ಬೇಡ.

ತಪ್ಪು ಕಲ್ಪನೆ: ದಪ್ಪ ಕಚ್ಚಿನ ಟೈರ್ ಇದ್ದರೆ ಯಾವುದರ ಮೇಲೆ ಬೇಕಾದರೂ ಹತ್ತಿಸಿಕೊಂಡು ಹೋಗಬಹುದು.

ವಾಸ್ತವ: ನಮ್ಮ ಜಿಲ್ಲೆಯಲ್ಲಿ ಇದು ಅಪಾಯಕಾರಿ ನಂಬಿಕೆ. ಡಿಸೆಂಬರ್, ಜನವರಿಯಲ್ಲಿ ರಾಗಿ ಕೊಯ್ಲು ಮುಗಿದ ಮೇಲೆ ಹಳ್ಳಿ ರಸ್ತೆಗಳೇ ಕಣವಾಗುತ್ತವೆ; ತೆನೆ ಸಮೇತ ರಾಗಿ ಹುಲ್ಲನ್ನು ಅಲ್ಲೇ ಹರಡುತ್ತಾರೆ. ಊರ ಕಣದ ಜಾಗಗಳು ಲೇಔಟು, ಶೆಡ್ಡುಗಳಾಗಿ ಹೋದ ಮೇಲೆ ರೈತರಿಗೆ ಬೇರೆ ದಾರಿ ಉಳಿದಿಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಟೈರಿನ ಕಚ್ಚು ಹಿಡಿತ ಕೊಡುವುದು ಮಣ್ಣನ್ನು ಕಚ್ಚಿದಾಗ. ಹುಲ್ಲಿನ ಮೆತ್ತೆಯ ಮೇಲೆ ಟೈರು ನೆಲವನ್ನೇ ಮುಟ್ಟುವುದಿಲ್ಲ. ಹುಲ್ಲಿನ ಕೆಳಗೆ ಉದುರಿದ ರಾಗಿ ಕಾಳು ಸಾಸಿವೆಯಂತೆ ಉರುಳುತ್ತದೆ. ಅಲ್ಲಿ ಬ್ರೇಕ್ ಹಿಡಿದರೆ, ಗಾಡಿ ವಾಲಿಸಿದರೆ, ಲಕ್ಷ ರೂಪಾಯಿಯ ಟೈರಾದರೂ ಜಾರುತ್ತದೆ. ಹುಲ್ಲು ಬರುವ ಮುಂಚೆಯೇ ವೇಗ ಇಳಿಸಿ, ಹ್ಯಾಂಡಲ್ ನೆಟ್ಟಗಿಟ್ಟು, ಬ್ರೇಕ್ ಮುಟ್ಟದೆ ನಿಧಾನವಾಗಿ ದಾಟಬೇಕು. ಹುರುಳಿ ಸೊಪ್ಪು ಇನ್ನೂ ಕೆಟ್ಟದ್ದು. ಅದರ ಬಳ್ಳಿ ಚೈನಿಗೂ ಚಕ್ರದ ಅಚ್ಚಿಗೂ ಸುತ್ತಿಕೊಳ್ಳುತ್ತದೆ. ಕಾರಿನ ಅಡಿಗೆ ಸಿಕ್ಕ ಸೊಪ್ಪಿಗೆ ಬೆಂಕಿ ಹತ್ತಿಕೊಂಡ ಸುದ್ದಿಗಳನ್ನೂ ನಾವು ಓದಿದ್ದೇವೆ. ಹುರುಳಿ ಕಂಡರೆ ಪಕ್ಕದ ಮಣ್ಣಿಗಿಳಿದು ಸುತ್ತಿ ಹೋಗುವುದೇ ಕ್ಷೇಮ.

ತಪ್ಪು ಕಲ್ಪನೆ: ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ, ಹಿಂದಿನದನ್ನೇ ಒತ್ತಬೇಕು.

ವಾಸ್ತವ: ಸೈಕಲ್ ಕಾಲದಿಂದ ನಮ್ಮೆಲ್ಲರಿಗೂ ಹೇಳಿಕೊಟ್ಟ ಪಾಠ ಇದು. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಿನ ಚಕ್ರದ ಕಡೆಗೆ ಸರಿಯುತ್ತದೆ. ಹಾಗಾಗಿ ಡಾಂಬರಿನ ಮೇಲೆ ಗಾಡಿ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದೇ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯ. ಚಕ್ರ ಕಚ್ಚಿಕೊಂಡು ಜಾರುವುದನ್ನು ಅದು ತಡೆಯುತ್ತದೆ. ಪಲ್ಟಿಯ ಭಯ ಹುಟ್ಟಿದ್ದು ಗಾಬರಿಯಿಂದ ಒಮ್ಮೆಲೇ ಗಟ್ಟಿಯಾಗಿ ಹಿಡಿದವರ ಅನುಭವದಿಂದ. ಮೆಲ್ಲಗೆ ಶುರು ಮಾಡಿ ಬಿಗಿ ಹೆಚ್ಚಿಸಬೇಕು. ಸಡಿಲ ಮಣ್ಣಿನಲ್ಲಿ ಲೆಕ್ಕ ಬೇರೆ. ಅಲ್ಲಿ ಹಿಂದಿನ ಚಕ್ರದ ಎಬಿಎಸ್ ಬಂದ್ ಮಾಡಿಕೊಳ್ಳುವ ಸೌಲಭ್ಯ ಈ ಗಾಡಿಯಲ್ಲಿದೆ. ಡಾಂಬರಿಗೆ ಮರಳಿದಾಗ ಅದು ಮತ್ತೆ ಚಾಲೂ ಇರಬೇಕು.

ತಪ್ಪು ಕಲ್ಪನೆ: ಕೂಲೆಂಟ್ ಕಡಿಮೆಯಾದರೆ ಕೊಳಾಯಿ ನೀರು ಹಾಕಿದರಾಯಿತು.

ವಾಸ್ತವ: ಹಳೆಯದು ಗಾಳಿ ಮತ್ತು ಆಯಿಲ್‌ನಿಂದ ತಣಿಯುತ್ತಿದ್ದ ಎಂಜಿನ್, ಹೊಸದರಲ್ಲಿ ರೇಡಿಯೇಟರ್ ಇದೆ. ನಮ್ಮ ತಾಲ್ಲೂಕುಗಳಲ್ಲಿ ನೀರೆಂದರೆ ಸಾವಿರ ಅಡಿ ಮೀರಿದ ಬೋರ್‌ವೆಲ್‌ನದು. ಅದು ಗಡಸು ನೀರು. ಪಾತ್ರೆ, ಗೀಸರಿನಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಅಂಶವಿದೆ, ನೀರಿನಲ್ಲಿಲ್ಲ. ತೀರಾ ಅನಿವಾರ್ಯವಾದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಹಾಕಿ, ಊರು ಸೇರಿದ ಮೇಲೆ ಕೂಲೆಂಟ್ ಬದಲಿಸಬೇಕು. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬಾರದು. ಟ್ರಾಫಿಕ್‌ನಲ್ಲಿ ಫ್ಯಾನ್ ಸದ್ದು ಮಾಡಿ ಕಾಲಿಗೆ ಬಿಸಿಗಾಳಿ ಬಡಿದರೆ ಅದು ಕೆಟ್ಟ ಲಕ್ಷಣವಲ್ಲ; ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ.

ತಪ್ಪು ಕಲ್ಪನೆ: ಎಥನಾಲ್ ಬೆರೆಸಿದ ಪೆಟ್ರೋಲ್ ಹೊಸ ಎಂಜಿನ್ ಅನ್ನು ತಿಂದು ಹಾಕುತ್ತದೆ.

ವಾಸ್ತವ: ಮೈಲೇಜ್ ಇಳಿಯುತ್ತದೆ ಎಂಬುದು ನಿಜ. ಪೆಟ್ರೋಲಿಗೆ ಹೋಲಿಸಿದರೆ ಎಥನಾಲ್‌ನಲ್ಲಿ ಶಕ್ತಿ ಸುಮಾರು ಮೂರನೇ ಒಂದು ಪಾಲು ಕಡಿಮೆ. ಶೇ 20 ಬೆರೆಸಿದಾಗ ಶುದ್ಧ ಪೆಟ್ರೋಲಿಗಿಂತ ಶೇ 6-7ರಷ್ಟು ಶಕ್ತಿ ಖೋತಾ. 30 ಕೊಡುತ್ತಿದ್ದ ಗಾಡಿ 28 ಕೊಟ್ಟೀತು. 15ಕ್ಕೆ ಇಳಿದರೆ ಕಾರಣ ಬೇರೆ ಹುಡುಕಬೇಕು. 2023ರ ಏಪ್ರಿಲ್ ನಂತರ ತಯಾರಾದ ಗಾಡಿಗಳ ರಬ್ಬರ್, ಪೈಪುಗಳು ಈ ಮಿಶ್ರಣ ತಾಳುವಂತೆ ಮಾಡಿದವು. ಚಿಂತೆ ಹಳೆಯ ಗಾಡಿಗಳಿಗೆ ಹೆಚ್ಚು. ಎಥನಾಲ್ ತೇವ ಹೀರುವುದರಿಂದ, ಅರ್ಧ ಖಾಲಿ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸಿಡಬೇಡಿ.

ತಪ್ಪು ಕಲ್ಪನೆ: ಶನಿವಾರ ಕಬ್ಬಿಣ ಮನೆಗೆ ತಂದರೆ ಗಾಡಿಗೆ ಪೆಟ್ಟು, ನಿಂಬೆಹಣ್ಣು ತುಳಿಸಿ, ಮೆಣಸಿನಕಾಯಿ ಕಟ್ಟಿದರೆ ರಕ್ಷೆ.

ವಾಸ್ತವ: ಘಾಟಿ ಸುಬ್ರಹ್ಮಣ್ಯದಲ್ಲೋ ಊರಿನ ಆಂಜನೇಯನ ಗುಡಿಯಲ್ಲೋ ಪೂಜೆ ಮಾಡಿಸುವುದರಲ್ಲಿ ನಮಗೆ ತಕರಾರಿಲ್ಲ. ಮನೆಯವರ ನೆಮ್ಮದಿಯೂ ದೊಡ್ಡದೇ. ಆದರೆ ಗಾಡಿ ಕಾರ್ಖಾನೆಯಿಂದ ಹೊರಬಂದ ವಾರ, ಲಾರಿ ಹತ್ತಿದ ವಾರ ಯಾರೂ ಕೇಳುವುದಿಲ್ಲ. ಮನೆಗೆ ಬಂದ ವಾರ ಮಾತ್ರ ಅದರ ಹಣೆಬರಹ ಬದಲಿಸುವುದಕ್ಕೆ ಕಾರಣ ಕಾಣದು. ಎಲ್ಲರೂ ಆಯುಧಪೂಜೆಯ ದಿನವೇ ಬೇಕೆಂದು ಮುಗಿಬಿದ್ದಾಗ ತಪಾಸಣೆ ಅವಸರದಲ್ಲಿ ಮುಗಿಯುತ್ತದೆ. ಬಿಡುವಿನ ದಿನ ಹೋಗಿ ಚೈನಿನ ಬಿಗಿ, ಕೂಲೆಂಟ್ ಮಟ್ಟ, ಎರಡೂ ಬ್ರೇಕ್ ನೋಡಿ. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 3225 ಎಂದಿದ್ದರೆ ಅದು 2025ರ 32ನೇ ವಾರ ತಯಾರಾಗಿದ್ದು.

ಚಕ್ರಕ್ಕೆ ನಿಂಬೆಹಣ್ಣು ಇಟ್ಟರೆ ತೊಂದರೆಯಿಲ್ಲ. ಅರಿಶಿನ ಕುಂಕುಮವನ್ನು ಬ್ರೇಕ್ ಡಿಸ್ಕಿಗೆ ಮಾತ್ರ ಹಚ್ಚಬೇಡಿ, ಎಣ್ಣೆ ಮುಟ್ಟಿಸಲೇಬೇಡಿ. ಬ್ರೇಕಿನ ಹಿಡಿತ ಕೆಡುತ್ತದೆ. ಟ್ಯಾಂಕಿಗೆ ಹಚ್ಚಿ. ಮುಂದಿನ ಫೋರ್ಕ್ ಈ ಗಾಡಿಯಲ್ಲಿ ಅಷ್ಟೆತ್ತರ ಏರಿಳಿಯುವುದರಿಂದ ಅಲ್ಲಿ ಕಟ್ಟಿದ ದಾರ, ಕೆಂಪು ಬಟ್ಟೆ ಬ್ರೇಕ್ ಪೈಪಿಗೋ ಚಕ್ರಕ್ಕೋ ಸಿಕ್ಕಿಕೊಳ್ಳಬಹುದು. ಪೂಜೆ ಮುಗಿದ ಮೇಲೆ ಬಿಚ್ಚಿ ದೇವರ ಕೋಣೆಯಲ್ಲಿಡಿ.

ತಪ್ಪು ಕಲ್ಪನೆ: ಜಿಎಸ್‌ಟಿ ಇಳಿದ ಮೇಲೆ ಎಲ್ಲ ಬೈಕೂ ಅಗ್ಗ.

ವಾಸ್ತವ: 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು. ಅದನ್ನು ಮೀರಿದವಕ್ಕೆ ಸೆಸ್ ಸೇರಿ ಇದ್ದ ಶೇ 31, 40ಕ್ಕೆ ಏರಿತು. ಹಿಮಾಲಯನ್ ಎರಡನೆಯ ಸಾಲಿನದು. ಪಕ್ಕದ ಹೊಸೂರಿನ ಟಿವಿಎಸ್ ತಂದಿರುವ 299 ಸಿಸಿಯ ಸಾಹಸದ ಗಾಡಿ ಅಪಾಚೆ ಆರ್‌ಟಿಎಕ್ಸ್ ಮೊದಲ ಸಾಲಿನದು.

ತಪ್ಪು ಕಲ್ಪನೆ: ಕೆರೆ ಅಂಗಳ, ಹುಲ್ಲುಗಾವಲು, ಬೆಟ್ಟದ ಬುಡ ಎಲ್ಲ ಖಾಲಿ ಜಾಗ; ಇಂಥ ಗಾಡಿ ಇರುವುದೇ ಅಲ್ಲಿ ನುಗ್ಗಿಸಲು.

ವಾಸ್ತವ: ಉಳಿದ ನಂಬಿಕೆಗಳಿಂದ ನಷ್ಟ ಸವಾರನಿಗೆ. ಇದರಿಂದ ಊರಿಗೆ. ಮಾಕಳಿದುರ್ಗ ಅರಣ್ಯ ಇಲಾಖೆಯ ಅನುಮತಿ ಪಡೆದು ನಡೆದು ಹತ್ತುವ ಬೆಟ್ಟ. ಜಿಲ್ಲೆಯ ಗಡಿಗಂಟಿದ ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಿತ ಮೀಸಲು ಮಾಡಲು ರಾಜ್ಯ ಸರ್ಕಾರ ಒಪ್ಪಿದ್ದು ವರ್ಷಗಟ್ಟಲೆ ಹೋರಾಟದ ನಂತರ. ಟಿಟ್ಟಿಭದಂಥ ಹಕ್ಕಿಗಳು ಅಲ್ಲಿ ಬರಿ ನೆಲದ ಮೇಲೆಯೇ ಮೊಟ್ಟೆ ಇಡುತ್ತವೆ. ಮೊಟ್ಟೆಯ ಬಣ್ಣ ಮಣ್ಣಿನದೇ. ಬೈಕಿನ ಮೇಲಿಂದ ಕಾಣುವುದಿಲ್ಲ. ಕೆರೆ ಏರಿಯ ಇಳಿಜಾರಿನಲ್ಲಿ ಟೈರು ಕೊರೆದ ಗೀರು ಮುಂದಿನ ಮಳೆಗೆ ಕೊರಕಲಾಗುತ್ತದೆ, ಏರಿ ಸಡಿಲವಾಗುತ್ತದೆ. ಒಣಗಿದ ಕೆರೆಗೂ ಊರಿನ ದನಕರು, ಮೇವು, ಅಂತರ್ಜಲದ ಲೆಕ್ಕವಿದೆ.

ಮಣ್ಣಿನಲ್ಲಿ ಓಡಿಸುವ ಆಸೆ ತಪ್ಪಲ್ಲ. ಹಳ್ಳಿಯಿಂದ ಹಳ್ಳಿಗೆ ಹೋಗುವ ಬಂಡಿ ದಾರಿಗಳು ಇನ್ನೂ ಉಳಿದಿವೆ. ಹೊಲದಲ್ಲಿರುವವರನ್ನು ಕೇಳಿ ಹೋದರೆ ದಾರಿ ತೋರಿಸುತ್ತಾರೆ. ಸರಿಯಾಗಿ ಕಲಿಯಬೇಕೆನ್ನುವವರಿಗೆ ಡಕಾರ್ ಪೂರೈಸಿದ ಸಿ.ಎಸ್. ಸಂತೋಷ್ ಅವರು ಕೋಲಾರದ ಬಳಿ ಕಟ್ಟಿದ ಬಿಗ್ ರಾಕ್ ತರಬೇತಿ ಮೈದಾನವಿದೆ. ಹೊಸಕೋಟೆಯಿಂದ ಕೋಲಾರದ ಹೆದ್ದಾರಿ ಹಿಡಿದರೆ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ.