ಉಳಿಯುವ ನಿಮಿಷಕ್ಕೆ ಎಷ್ಟು ಬೆಲೆ?

ಚಿಕ್ಕಬಳ್ಳಾಪುರದ ಬಳಿ ಸುಮಾರು 1,450 ಮೀಟರ್ ಎತ್ತರಕ್ಕೆ ನಿಂತಿರುವ ಸ್ಕಂದಗಿರಿಯ ಆಸುಪಾಸಿನಲ್ಲಿ ಎರಡು ರೈಲು ಮಾರ್ಗಗಳಿವೆ. ಒಂದು, ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಪೋಣಿಸುತ್ತಾ ಕೋಲಾರಕ್ಕೆ ಹೋಗುವ ಹಳಿ. ಇನ್ನೊಂದು, ಬೆಟ್ಟಸಾಲಿನ ಆಚೆ ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರದ ಮೂಲಕ ಉತ್ತರಕ್ಕೆ ಸಾಗುವ ಹಳಿ. ಈಗ ಮೂರನೆಯದೊಂದರ ಮಾತು ಕೇಳಿಬರುತ್ತಿದೆ. 2026ರ ಕೇಂದ್ರ ಬಜೆಟ್‌ನಲ್ಲಿ ಹೆಸರಿಸಿದ ಅತಿವೇಗದ ರೈಲು ಮಾರ್ಗಗಳಲ್ಲಿ ಹೈದರಾಬಾದ್–ಬೆಂಗಳೂರು ಮಾರ್ಗವೂ ಸೇರಿದೆ. ಅದು ಎಲ್ಲಿ ಹಾದುಹೋದರೂ ಒಂದು ಪ್ರಶ್ನೆ ಏಳುವುದು ಸಹಜ: ಇಷ್ಟು ವೇಗಕ್ಕೆ ಇಷ್ಟು ಹಣ ಸುರಿಯುವುದು ಲಾಭವೇ, ದುಂದೇ?

ಖರ್ಚಿನ ಅಂದಾಜಿಗೆ ನಮ್ಮ ದೇಶದಲ್ಲೇ ಒಂದು ಅಳತೆಗೋಲಿದೆ. ಮುಂಬೈ–ಅಹಮದಾಬಾದ್ ಬುಲೆಟ್ ರೈಲು ಮಾರ್ಗದ ಉದ್ದ 508 ಕಿ.ಮೀ. 2017ರ ಸೆಪ್ಟೆಂಬರಿನಲ್ಲಿ ಅದಕ್ಕೆ ಶಂಕುಸ್ಥಾಪನೆಯಾಯಿತು. ಯೋಜನೆ ರೂಪಿಸಿದಾಗಿನ ಅಂದಾಜು 1.08 ಲಕ್ಷ ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ಪ್ರತಿ ಕಿಲೋಮೀಟರಿಗೆ 200 ಕೋಟಿಗೂ ಹೆಚ್ಚು! ಮೊದಲು ಹೇಳಿದ ಗಡುವಿನಲ್ಲಿ ಕೆಲಸ ಮುಗಿಯಲಿಲ್ಲ, ವೆಚ್ಚವೂ ಏರಿದೆ.

ವೇಗ ಏಕೆ ದುಬಾರಿ?

ಹೊಸ ಎಂಜಿನ್ ತಂದು ಹಳೆಯ ಹಳಿಯ ಮೇಲೆ ಓಡಿಸಿದರೆ ಸಾಲದೇ? ಸಾಲದು. ಇದಕ್ಕೆ ಕಾರಣ ಪ್ರೌಢಶಾಲೆಯ ಭೌತಶಾಸ್ತ್ರದಲ್ಲೇ ಇದೆ. ತಿರುವಿನಲ್ಲಿ ಚಲಿಸುವ ವಸ್ತುವನ್ನು ದಾರಿಯಲ್ಲೇ ಉಳಿಸಲು ಬೇಕಾಗುವ ಕೇಂದ್ರಾಭಿಮುಖ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹಾಯಾಗಿ ತಿರುಗುವ ರೈಲು 320 ಕಿ.ಮೀ. ವೇಗದಲ್ಲೂ ಅಷ್ಟೇ ಹಾಯಾಗಿ ತಿರುಗಬೇಕಾದರೆ ತಿರುವಿನ ತ್ರಿಜ್ಯ ನಾಲ್ಕು ಪಟ್ಟಲ್ಲ, ಹದಿನಾರು ಪಟ್ಟು ದೊಡ್ಡದಾಗಬೇಕು. ಅಂದರೆ ಹಳಿ ಬಹುಮಟ್ಟಿಗೆ ನೇರವಾಗಿರಬೇಕು. ಬೆಟ್ಟ ಅಡ್ಡ ಬಂದರೆ ಬಳಸಿ ಹೋಗುವ ಸ್ವಾತಂತ್ರ್ಯ ಕಡಿಮೆ, ಕೊರೆಯಬೇಕು. ಕೆರೆ, ರಸ್ತೆ, ಊರು ಅಡ್ಡ ಬಂದರೆ ಕಂಬಗಳ ಮೇಲೆ ಹೋಗಬೇಕು. ಲೆವೆಲ್ ಕ್ರಾಸಿಂಗ್ ಒಂದೂ ಇರಕೂಡದು.

ಇನ್ನು ಗಾಳಿಯ ಪ್ರತಿರೋಧ. ಅದೂ ವೇಗದ ವರ್ಗದಂತೆ ಬೆಳೆಯುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯನ್ನು ಸೀಳಲು ಪ್ರತಿ ಕಿಲೋಮೀಟರಿಗೆ ಬೇಕಾಗುವ ಶಕ್ತಿ ನಾಲ್ಕು ಪಟ್ಟು.

ಹಳಿಯೇ ಮುಖ್ಯ ಎಂಬುದಕ್ಕೆ ಪುರಾವೆ ಗೌರಿಬಿದನೂರಿನ ಮಾರ್ಗದಲ್ಲೇ ಇದೆ. 2023ರ ಸೆಪ್ಟೆಂಬರಿನಲ್ಲಿ ಕಾಚಿಗುಡ–ಯಶವಂತಪುರ ವಂದೇ ಭಾರತ್ ರೈಲು ಓಡಾಟ ಆರಂಭಿಸಿತು. ಗಂಟೆಗೆ 160 ಕಿ.ಮೀ. ಓಡಬಲ್ಲ ಬಂಡಿ ಅದು. ಆದರೆ ಸುಮಾರು 610 ಕಿ.ಮೀ. ದಾರಿಗೆ ನಿಗದಿಯಾದದ್ದು ಎಂಟೂವರೆ ಗಂಟೆ. ಸರಾಸರಿ ವೇಗ ಗಂಟೆಗೆ ಸುಮಾರು 72 ಕಿ.ಮೀ. ಮಾತ್ರ! ಬಂಡಿಗೆ ಶಕ್ತಿಯಿದೆ, ದಾರಿ ಬಿಟ್ಟುಕೊಡುತ್ತಿಲ್ಲ.

ಒಂದು ಸರಳ ಲೆಕ್ಕ

ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಿ ನೋಡಬಹುದು. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿ.ಮೀ. ಎಂದಿಟ್ಟುಕೊಳ್ಳೋಣ. ಸರಾಸರಿ ವೇಗ 30 ಕಿ.ಮೀ. ಇದ್ದರೆ ಎರಡು ಗಂಟೆ. ಅದನ್ನು 60ಕ್ಕೆ ಏರಿಸಿದರೆ ಒಂದು ಗಂಟೆ. ಉಳಿತಾಯ 60 ನಿಮಿಷ. 120ಕ್ಕೆ ಏರಿಸಿದರೆ ಉಳಿಯುವುದು ಇನ್ನು 30 ನಿಮಿಷ. 240ಕ್ಕೆ ಏರಿಸಿದರೆ ಮತ್ತೆ ಕೇವಲ 15 ನಿಮಿಷ. ಪ್ರತಿ ಬಾರಿ ವೇಗ ಇಮ್ಮಡಿಯಾದಾಗಲೂ ಉಳಿತಾಯ ಅರ್ಧಕ್ಕೆ ಇಳಿಯುತ್ತದೆ, ಖರ್ಚು ಮಾತ್ರ ಮೇಲೇರುತ್ತಲೇ ಹೋಗುತ್ತದೆ. ಹತ್ತಿರದ ಪ್ರಯಾಣದಲ್ಲಿ ಅಗ್ಗದ ನಿಮಿಷಗಳೆಲ್ಲ ಕೆಳಗಿನ ವೇಗದಲ್ಲೇ ಸಿಗುತ್ತವೆ.

ಇದೇ ಲೆಕ್ಕವನ್ನು 600 ಕಿ.ಮೀ. ದೂರಕ್ಕೆ ಹಾಕಿದರೆ ಚಿತ್ರ ಬದಲಾಗುತ್ತದೆ. ಸರಾಸರಿ 120 ಕಿ.ಮೀ. ವೇಗದಲ್ಲಿ ಐದು ಗಂಟೆಯ ದಾರಿ, 240ರಲ್ಲಿ ಎರಡೂವರೆ ಗಂಟೆಗೆ ಮುಗಿಯುತ್ತದೆ. ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಸಂಜೆ ಮನೆಗೆ ಬರಬಹುದು. ವಿಮಾನ ನಿಲ್ದಾಣಕ್ಕೆ ಹೋಗುವ, ತಪಾಸಣೆಗೆ ಕಾಯುವ ಹೊತ್ತನ್ನೂ ಸೇರಿಸಿಕೊಂಡರೆ ವಿಮಾನಕ್ಕೆ ಇದು ನಿಜವಾದ ಪೈಪೋಟಿ. ಅಂದಮೇಲೆ ಅತಿವೇಗ ವ್ಯರ್ಥವೆಂದು ತಳ್ಳಿಹಾಕುವಂತಿಲ್ಲ. ಅದಕ್ಕೆ ತಕ್ಕ ದೂರ ಬೇಕು, ತಕ್ಕಷ್ಟು ಜನ ಬೇಕು.

ಗೆದ್ದವರು, ಎಡವಿದವರು

ಜಪಾನಿನಲ್ಲಿ ಇವೆರಡೂ ಇದ್ದವು. ಟೋಕಿಯೊ ಮತ್ತು ಒಸಾಕಾ ನಡುವಿನ 515 ಕಿ.ಮೀ. ಶಿಂಕನ್‌ಸೆನ್ ಮಾರ್ಗ ಆರಂಭವಾದದ್ದು 1964ರ ಅಕ್ಟೋಬರ್ 1ರಂದು. ಅಂದಾಜಿನ ಸುಮಾರು ಎರಡರಷ್ಟು ಹಣ ಖರ್ಚಾಗಿತ್ತು. ಟೀಕೆಯೂ ಬಂತು. ಆದರೆ ಆ ಕರಾವಳಿಯುದ್ದಕ್ಕೂ ದೊಡ್ಡ ನಗರಗಳಿದ್ದವು. ಹಳೆಯ ಮಾರ್ಗ ಆಗಲೇ ತುಂಬಿ ತುಳುಕುತ್ತಿತ್ತು. ಆರೂವರೆ ಗಂಟೆಯ ಪ್ರಯಾಣ ಮೊದಲು ನಾಲ್ಕು ಗಂಟೆಗೆ, ಮರುವರ್ಷ 3 ಗಂಟೆ 10 ನಿಮಿಷಕ್ಕೆ ಇಳಿಯಿತು. ರೈಲುಗಳು ತುಂಬಿದವು, ಹಾಕಿದ ಹಣ ಮರಳಿತು.

ತೈವಾನಿನ ಕಥೆ ಬೇರೆ. 2007ರಲ್ಲಿ ಅಲ್ಲಿ ಸುಮಾರು 350 ಕಿ.ಮೀ. ಮಾರ್ಗವನ್ನು ಖಾಸಗಿ ಕಂಪನಿಯೊಂದು ಆರಂಭಿಸಿತು. ನಿರೀಕ್ಷಿಸಿದಷ್ಟು ಪ್ರಯಾಣಿಕರು ಬರಲಿಲ್ಲ, ಸಾಲದ ಹೊರೆ ಹೆಚ್ಚಿತು. 2015ರಲ್ಲಿ ಸರ್ಕಾರವೇ ಕೈಹಿಡಿದು ಮೇಲೆತ್ತಬೇಕಾಯಿತು. ಕೆಲವು ನಿಲ್ದಾಣಗಳು ಊರಿನಿಂದ ದೂರದಲ್ಲಿದ್ದದ್ದು ಪ್ರಯಾಣಿಕರಿಗೆ ಇನ್ನೊಂದು ತೊಡಕು. ರೈಲಿನಲ್ಲಿ ಉಳಿಸಿದ ಅರ್ಧ ಗಂಟೆ ಊರು ಸೇರುವ ಬಸ್ಸಿನಲ್ಲಿ ಕಳೆದುಹೋದರೆ ವೇಗದಿಂದ ಏನು ಬಂತು?

ಅಗ್ಗದ ಹಳಿಯ ಪಾಠ

ಹಾಗೆಂದು ಖರ್ಚು ಉಳಿಸುವುದೇ ಯಾವಾಗಲೂ ಜಾಣತನ ಎನ್ನುವಂತಿಲ್ಲ. ಸ್ಕಂದಗಿರಿಯ ನೆರೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ವರ್ಷಗಳಲ್ಲೇ ಈ ಭಾಗಕ್ಕೆ ರೈಲು ಬಂತು. ಹಾಕಿದ್ದು ಎರಡೂವರೆ ಅಡಿ ಅಗಲದ ನ್ಯಾರೋ ಗೇಜ್ ಹಳಿ. ಕಡಿಮೆ ಖರ್ಚಿನಲ್ಲಿ ಹಳ್ಳಿಗಳನ್ನು ಮುಟ್ಟುವ ದಾರಿ ಅದು. ಅಂದಿನ ಸಂಚಾರಕ್ಕೆ ಸಾಕಾಗಿತ್ತು. ಆದರೆ ಕಾಲ ಕಳೆದಂತೆ ಬಸ್ಸು ವೇಗವಾಯಿತು, ಪುಟ್ಟ ರೈಲು ನಿಧಾನವಾಗಿಯೇ ಉಳಿಯಿತು. ದೊಡ್ಡ ಗೇಜಿನ ಬಂಡಿಗಳು ಇತ್ತ ಬರುವಂತಿರಲಿಲ್ಲ. ಚಿಕ್ಕಬಳ್ಳಾಪುರ–ಕೋಲಾರ ನಡುವೆ ಬ್ರಾಡ್ ಗೇಜ್ ರೈಲು ಓಡಿದ್ದು 2013ರಲ್ಲಿ. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಚಿಂತಾಮಣಿಯ ವ್ಯಾಪಾರ ಅಷ್ಟು ಕಾಲ ರಸ್ತೆಯನ್ನೇ ನಂಬಿದ್ದವು. ತೀರಾ ಅಗ್ಗದ ಹಳಿಗೂ ಕೊನೆಯಲ್ಲಿ ಬೆಲೆ ತೆರಬೇಕಾಗುತ್ತದೆ.

ಬ್ರಾಡ್ ಗೇಜ್ ಬಂದರೂ ಚಿಂತಾಮಣಿಯ ದಾರಿ ಒಂಟಿ ಹಳಿಯದೇ. ಎದುರು ಬರುವ ಬಂಡಿಗೆ ದಾರಿ ಬಿಡಲು ನಿಲ್ದಾಣದಲ್ಲಿ ಕಾಯಲೇಬೇಕು. ಅಲ್ಲಿ ಬೇಕಾಗಿರುವುದು 320 ಕಿ.ಮೀ. ವೇಗವಲ್ಲ, ಎರಡನೆಯ ಹಳಿ, ಒಳ್ಳೆಯ ಸಿಗ್ನಲ್, ದಿನಕ್ಕೆ ಹೆಚ್ಚು ರೈಲು.

ಯಾರ ಹೊತ್ತು?

ಬೆಂಗಳೂರಿನ ಉಪನಗರ ರೈಲು ಯೋಜನೆಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ನಾಲ್ಕು ಮಾರ್ಗ, 148 ಕಿ.ಮೀ., ಅಂದಾಜು ವೆಚ್ಚ 15,767 ಕೋಟಿ. ಅದರಲ್ಲಿ ‘ಸಂಪಿಗೆ’ ಎಂಬ ಮಾರ್ಗ ದೇವನಹಳ್ಳಿಯವರೆಗೆ ಬರಬೇಕು. ಬುಲೆಟ್ ರೈಲಿನ ಮೊದಲ ಅಂದಾಜಿನ ಹಣದಲ್ಲಿ ಇಂಥ ಆರು ಯೋಜನೆಗಳನ್ನು ಮಾಡಿ ಇನ್ನೂ ಉಳಿಸಬಹುದು.

ಕೊನೆಗೆ ಇಬ್ಬರು ಪ್ರಯಾಣಿಕರನ್ನು ಕಲ್ಪಿಸಿಕೊಳ್ಳೋಣ. ಒಬ್ಬರು ತಿಂಗಳಿಗೊಮ್ಮೆ ಹೈದರಾಬಾದಿಗೆ ಹೋಗಿಬರುವ ಉದ್ಯೋಗಿ. ಎಂಟೂವರೆ ಗಂಟೆಯ ದಾರಿ ಎರಡೂವರೆಗೆ ಇಳಿದರೆ ಅವರಿಗೆ ವರ್ಷಕ್ಕೆ 144 ಗಂಟೆ ಉಳಿಯುತ್ತದೆ. ಇನ್ನೊಬ್ಬಳು ಚಿಕ್ಕಬಳ್ಳಾಪುರದಿಂದ ಬೆಂಗಳೂರಿನ ಕಾಲೇಜಿಗೆ ಹೋಗುವ ವಿದ್ಯಾರ್ಥಿನಿ. ಹೋಗುವಾಗ ಅರ್ಧ ಗಂಟೆ, ಬರುವಾಗ ಅರ್ಧ ಗಂಟೆ ಉಳಿದರೆ, 200 ದಿನಕ್ಕೆ 200 ಗಂಟೆ. ಉದ್ಯೋಗಿಗೆ ಬೇಕಿದ್ದರೆ ವಿಮಾನವಾದರೂ ಇದೆ. ಪಾಸ್ ಹಿಡಿದು ಓಡಾಡುವ ಈಕೆಗೆ ಬೇರೆ ದಾರಿಯಿಲ್ಲ.

ಇಬ್ಬರ ಹೊತ್ತೂ ಹೊತ್ತೇ. ದೊಡ್ಡ ನಗರಗಳ ನಡುವೆ ರೈಲು ತುಂಬುವುದು ಖಚಿತವಾದಲ್ಲಿ ಅತಿವೇಗದ ಹಳಿ ತಕ್ಕ ಖರ್ಚೇ ಆದೀತು. ಆದರೆ ಸರದಿಯಲ್ಲಿ ಮೊದಲು ನಿಲ್ಲಬೇಕಾದದ್ದು ದಿನವೂ ಜನ ಓಡಾಡುವ ಹಳಿ. ಹೊಸ ಮಾರ್ಗದ ನಕ್ಷೆ ಊರಿಗೆ ಬಂದ ದಿನ ಕೇಳಬೇಕಾದ ಪ್ರಶ್ನೆಗಳು ಮೂರು: ರೈಲು ಇಲ್ಲಿ ನಿಲ್ಲುತ್ತದೆಯೇ? ನಿಂತರೆ ಟಿಕೆಟ್ ಕೊಳ್ಳಲು ಆಗುತ್ತದೆಯೇ? ಇದೇ ಹಣದಲ್ಲಿ ಹಳೆಯ ಹಳಿ ಎಷ್ಟು ಜನರಿಗೆ ಎಷ್ಟು ನಿಮಿಷ ಉಳಿಸಬಲ್ಲದು?